ಕಾಯಿಲೆಗಲ್ಲ, ರಿಪೋರ್ಟಿಗೆ ಹೆದರುತ್ತಾರೆ: ಅಮೆರಿಕದ ಕೊರಿಯನ್ನರು ಮತ್ತು ಹೆಪಟೈಟಿಸ್ ಬಿ

ಲಸಿಕೆ ಇದೆ. ದಿನಕ್ಕೊಂದು ಮಾತ್ರೆ ತೆಗೆದುಕೊಂಡರೆ ವೈರಸ್ಸನ್ನು ಹತೋಟಿಯಲ್ಲಿ ಇಡಬಹುದು. ಪರೀಕ್ಷೆಗೆ ಬೇಕಾಗಿರೋದು ಸ್ವಲ್ಪ ರಕ್ತ, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅನ್ನೋ ತಾಪತ್ರಯ ಕೂಡ ಇಲ್ಲ. ಆದರೂ ಅಮೆರಿಕದಲ್ಲಿ ನೆಲೆಸಿರುವ ಕೊರಿಯನ್ನರಲ್ಲಿ, ತಮಗೆ ಹೆಪಟೈಟಿಸ್ ಬಿ ಇದೆಯೋ ಇಲ್ಲವೋ ಅಂತ ಒಮ್ಮೆಯೂ ನೋಡಿಸಿಕೊಳ್ಳದವರು ತುಂಬಾ ಜನ ಇದ್ದಾರೆ. ಇವರೇನೂ ಓದುಬರಹ ಬಾರದವರಲ್ಲ. ಕಾಲೇಜು ಮುಗಿಸಿದವರು, ಸ್ವಂತ ಅಂಗಡಿ ನಡೆಸುವವರು, ಮಕ್ಕಳನ್ನು ಡಾಕ್ಟರು, ಲಾಯರು ಮಾಡಿದವರು.

ಹಾಗಾದರೆ ಯಾಕೆ? ಸಾಮಾನ್ಯವಾಗಿ ಸಿಗುವ ಉತ್ತರ 'ಅರಿವಿನ ಕೊರತೆ'. ಆರೋಗ್ಯ ಇಲಾಖೆಗಳಿಗೆ ಈ ಉತ್ತರ ಬಹಳ ಇಷ್ಟ. ಯಾಕಂದ್ರೆ ಅದಕ್ಕೆ ಮದ್ದು ಸುಲಭ, ಒಂದು ಕರಪತ್ರ ಅಚ್ಚು ಹಾಕಿಸಿ ಹಂಚಿದರೆ ಕೆಲಸ ಮುಗೀತು. ನನಗೆ ಅನ್ನಿಸೋದು ಬೇರೆ. ಅರಿವು ಕಮ್ಮಿ ಇರೋದು ನಿಜ. ಆದರೆ ಈ ಜನ ಪರೀಕ್ಷೆಯಿಂದ ದೂರ ಉಳಿಯೋದಕ್ಕೆ ಅವರದೇ ಆದ ಲೆಕ್ಕಾಚಾರವೂ ಇದೆ, ಮತ್ತು ಅವರು ಬಿಟ್ಟು ಬಂದ ಊರಲ್ಲಿ, ಬಿಟ್ಟು ಬಂದ ಕಾಲದಲ್ಲಿ ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ.

ಮೊದಲು ಕಾಯಿಲೆ ಬಗ್ಗೆ ನಾಲ್ಕು ಮಾತು. ಹೆಪಟೈಟಿಸ್ ಬಿ ಲಿವರ್‌ಗೆ ತಗಲುವ ವೈರಸ್. ರಕ್ತದಿಂದ, ದೈಹಿಕ ಸಂಬಂಧದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ದೊಡ್ಡವರಾದ ಮೇಲೆ ಅಂಟಿಕೊಂಡರೆ ನೂರರಲ್ಲಿ 95 ಜನಕ್ಕೆ ತಾನಾಗೇ ವಾಸಿಯಾಗುತ್ತದೆ. ಹುಟ್ಟುವಾಗಲೇ ಅಂಟಿದರೆ ಲೆಕ್ಕ ಪೂರ್ತಿ ಉಲ್ಟಾ, ನೂರರಲ್ಲಿ 90 ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಹಾಗೆ ಉಳಿದವರಲ್ಲಿ, ಚಿಕಿತ್ಸೆ ಇಲ್ಲದೇ ಹೋದರೆ, ಶೇ 15ರಿಂದ 25ರಷ್ಟು ಜನ ಸಿರೋಸಿಸ್ (ಲಿವರ್ ಗಡುಸಾಗಿ ಕೆಟ್ಟುಹೋಗುವ ಸ್ಥಿತಿ) ಅಥವಾ ಲಿವರ್ ಕ್ಯಾನ್ಸರ್‌ನಿಂದ ಆಯಸ್ಸು ತೀರುವ ಮೊದಲೇ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹೀಗೆ ವೈರಸ್ ಉಳಿದುಕೊಂಡವರು 25.4 ಕೋಟಿ ಇದ್ದರು. ಅವರಲ್ಲಿ ಪರೀಕ್ಷೆಯಾಗಿ ವಿಷಯ ಗೊತ್ತಿದ್ದವರು ಶೇ 13 ಮಾತ್ರ. ಅಮೆರಿಕದಲ್ಲಂತೂ ಏಷ್ಯಾ ಮೂಲದವರು ಜನಸಂಖ್ಯೆಯಲ್ಲಿ ಶೇ 7ರ ಆಸುಪಾಸು, ಆದರೆ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವರೇ.

ದಕ್ಷಿಣ ಕೊರಿಯಾದ ಕಥೆ ಇಲ್ಲಿ ಬಹಳ ಮುಖ್ಯ. 1980ರ ದಶಕದ ಶುರುವಿನಲ್ಲಿ ಅಲ್ಲಿ ನೂರಕ್ಕೆ ಸುಮಾರು 8 ಜನರ ರಕ್ತದಲ್ಲಿ ಈ ವೈರಸ್ ಇತ್ತು. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಿಮ್ ಚುಂಗ್ ಯೋಂಗ್ ಅನ್ನೋ ವೈದ್ಯರು ಇದರ ಹಿಂದೆ ಬಿದ್ದು, ಗ್ರೀನ್ ಕ್ರಾಸ್ ಕಂಪನಿ ಜೊತೆ ಸೇರಿ ದೇಶದಲ್ಲೇ ಲಸಿಕೆ ತಯಾರಿಸಿದರು. 1983ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. 1995ರಲ್ಲಿ ಎಲ್ಲ ಶಿಶುಗಳಿಗೂ ಕೊಡುವ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. 2002ರಲ್ಲಿ, ವೈರಸ್ ಇರುವ ತಾಯಂದಿರ ಮಕ್ಕಳನ್ನು ಹುಟ್ಟಿದ ಕೂಡಲೇ ಕಾಪಾಡುವ ಪ್ರತ್ಯೇಕ ಯೋಜನೆಯನ್ನು ಸರ್ಕಾರವೇ ಶುರು ಮಾಡಿತು. ಈಗ ಅಲ್ಲಿ ಒಟ್ಟು ಪ್ರಮಾಣ ಶೇ 3ರ ಆಸುಪಾಸಿಗೆ ಇಳಿದಿದೆ, ಚಿಕ್ಕ ಮಕ್ಕಳಲ್ಲಂತೂ ಶೇ 1ಕ್ಕಿಂತ ಎಷ್ಟೋ ಕೆಳಗೆ. 40 ದಾಟಿದ, ವೈರಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ರಕ್ತ ಪರೀಕ್ಷೆ ಮಾಡಿ ಲಿವರ್ ಕ್ಯಾನ್ಸರ್ ಹುಡುಕುವ ಕೆಲಸವೂ ಸರ್ಕಾರದ್ದೇ.

ಆದರೆ ಅಮೆರಿಕಕ್ಕೆ ಹೋದವರು ಯಾವಾಗ ಹೋದರು? 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾಯಿತು. ಕೊರಿಯನ್ನರ ವಲಸೆ ತುದಿ ಮುಟ್ಟಿದ್ದು 1980ರ ದಶಕದ ನಡುವಿನಲ್ಲಿ, ಆಗ ವರ್ಷಕ್ಕೆ 35 ಸಾವಿರದ ಹತ್ತಿರ ಜನ ಹೋಗುತ್ತಿದ್ದರು. ಅಂದರೆ ಲಸಿಕೆ ಮನೆಮನೆಗೆ ಮುಟ್ಟುವ ಮೊದಲೇ ಊರು ಬಿಟ್ಟವರು ಇವರು. ವೈರಸ್ ಜೊತೆಗೆ ಆ ಕಾಲದ ಭಯವನ್ನೂ ಹೊತ್ತುಕೊಂಡು ಹೋದರು. ಕೊರಿಯಾ ಮುಂದಕ್ಕೆ ಹೋಯಿತು. ಲಾಸ್ ಏಂಜಲಿಸ್‌ನ ಕೊರಿಯಾಟೌನ್‌ನಲ್ಲಿ, ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ, ನ್ಯೂಜೆರ್ಸಿಯ ಪಾಲಿಸೇಡ್ಸ್ ಪಾರ್ಕ್‌ನಲ್ಲಿ ನೆಲೆಸಿದವರ ತಲೆಯಲ್ಲಿ ಮಾತ್ರ 1985ರ ಕೊರಿಯಾವೇ ಉಳಿಯಿತು. ಊರು ಬಿಟ್ಟವರು ಊರವರಿಗಿಂತ ಹಳಬರಾಗಿಬಿಡೋದು ನಮ್ಮಲ್ಲೂ ಇದೆ, ಅಮೆರಿಕದ ಕನ್ನಡ ಕೂಟಗಳಲ್ಲಿ ಇದನ್ನು ನೋಡಿ ನಕ್ಕವರು ಎಷ್ಟು ಜನ ಇಲ್ಲ!

ಆ ಕಾಲದ ಭಯ ಅಂದರೆ ಏನು? ಕೆಲಸ ಹೋಗೋದು. ಕೊರಿಯಾದ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವ ಮೊದಲು ಆರೋಗ್ಯ ತಪಾಸಣೆ ಇರುತ್ತಿತ್ತು, ಅದರಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯೂ ಸೇರಿರುತ್ತಿತ್ತು. ಸಂದರ್ಶನದಲ್ಲಿ ಪಾಸಾಗಿ, ರಕ್ತದ ರಿಪೋರ್ಟ್ ಬಂದ ಮೇಲೆ 'ಆಮೇಲೆ ತಿಳಿಸುತ್ತೇವೆ' ಅನ್ನಿಸಿಕೊಂಡವರ ಕಥೆಗಳು ಎಷ್ಟೋ ಕುಟುಂಬಗಳಲ್ಲಿವೆ. ಕಾಯಿಲೆಯಿಂದ ಏನೂ ತೊಂದರೆ ಆಗಿರಲಿಲ್ಲ, ತೊಂದರೆ ಆಗಿದ್ದು ರಿಪೋರ್ಟಿನಿಂದ. ಹೀಗಿರುವಾಗ ಒಬ್ಬ ಮನುಷ್ಯ ಪರೀಕ್ಷೆಯಿಂದ ತಪ್ಪಿಸಿಕೊಂಡರೆ ಅವನನ್ನು ದಡ್ಡ ಅನ್ನೋಕಾಗುತ್ತಾ? ಆಗ ಒಳ್ಳೆ ಔಷಧವೂ ಇರಲಿಲ್ಲ. ಈಗ ಎಲ್ಲರೂ ಬಳಸುವ ಎಂಟೆಕಾವಿರ್, ಟೆನೊಫೊವಿರ್ ಮಾತ್ರೆಗಳು ಹೆಪಟೈಟಿಸ್ ಬಿಗೆ ಸಿಕ್ಕಿದ್ದು 2005ರ ನಂತರ. ಗೊತ್ತಾದರೆ ಕೆಲಸ ಹೋಗುತ್ತೆ, ಗೊತ್ತಾದರೂ ಡಾಕ್ಟರು ಮಾಡುವಂಥದ್ದು ಜಾಸ್ತಿ ಏನಿಲ್ಲ. ಸುಮ್ನಿದ್ದರೆ ಲಾಭ, ಅಲ್ವಾ?

ಎರಡನೇ ಭಯ ಊಟದ ಮೇಜಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೊರಿಯನ್ ಮನೆಯಲ್ಲಿ ಊಟ ಅಂದರೆ ಮೇಜಿನ ನಡುವೆ ಕುದಿಯುವ ಜಿಗೆ, ಅಂದರೆ ಒಂದು ಥರ ಗಟ್ಟಿ ಸಾರು. ಎಲ್ಲರ ಚಮಚವೂ ಅದೇ ಪಾತ್ರೆಗೆ. ನಮ್ಮ ಅಜ್ಜಿಯಂದಿರು ನೋಡಿದ್ದರೆ ಎಂಜಲು ಅಂತ ಎದ್ದು ಹೋಗುತ್ತಿದ್ದರು, ಅಲ್ಲಿ ಹಾಗಲ್ಲ, ಹಂಚಿಕೊಂಡು ತಿನ್ನೋದೇ ಹತ್ತಿರದವರು ಅನ್ನೋದಕ್ಕೆ ಗುರುತು. ಗಂಡಸರು ಕುಡಿಯಲು ಕೂತಾಗ ಇನ್ನೂ ಒಂದು ಹೆಜ್ಜೆ ಮುಂದೆ. ಹಿರಿಯ ತನ್ನ ಲೋಟ ಖಾಲಿ ಮಾಡಿ ಅದನ್ನೇ ಕಿರಿಯನ ಕೈಗೆ ಕೊಟ್ಟು ಸೋಜು ಅನ್ನುವ ಮದ್ಯ ಸುರಿಯುತ್ತಾನೆ, ಕಿರಿಯ ಎರಡೂ ಕೈಯಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕುಡಿದು, ಲೋಟ ವಾಪಸ್ ಕೊಟ್ಟು ತಾನು ಸುರಿಯಬೇಕು. ಆಫೀಸಿನ ಸಂಬಂಧಗಳು ಗಟ್ಟಿಯಾಗುತ್ತಿದ್ದದ್ದು ಹೀಗೇ. ಇಂಥ ಸಮಾಜದಲ್ಲಿ 'ಹೆಪಟೈಟಿಸ್ ಲೋಟದಿಂದ ಹರಡುತ್ತೆ, ಒಂದೇ ಪಾತ್ರೆಯಲ್ಲಿ ತಿಂದರೆ ಹರಡುತ್ತೆ' ಅನ್ನೋ ಮಾತು ಬಲವಾಗಿ ಬೇರೂರಿತು. ಹೆಪಟೈಟಿಸ್ ಎ ನಿಜಕ್ಕೂ ಊಟ ನೀರಿನಿಂದ ಹರಡುತ್ತದೆ, ಹೆಸರು ಒಂದೇ ಇರೋದ್ರಿಂದ ಎರಡೂ ಕಲಸಿಹೋದವು. ಬಿ ಹಾಗೆ ಹರಡಲ್ಲ. ಲೋಟ, ಚಮಚ, ಅಪ್ಪುಗೆ, ಕೆಮ್ಮು ಯಾವುದರಿಂದಲೂ ಅಲ್ಲ. ರೇಜರ್, ಟೂತ್‌ಬ್ರಷ್, ಉಗುರು ಕತ್ತರಿಸುವ ಕಟರ್ ಇಂಥ ರಕ್ತ ತಗಲುವ ಸಾಮಾನು ಹಂಚಿಕೊಳ್ಳಬಾರದು, ಅಷ್ಟೇ.

ತಪ್ಪು ತಿಳಿವಳಿಕೆ ಅಂತ ಇದನ್ನು ತಳ್ಳಿಹಾಕಬಹುದು. ಆದರೆ ಅದು ಮಾಡುವ ಕೆಲಸ ನೋಡಿ. ರಿಪೋರ್ಟ್ ಪಾಸಿಟಿವ್ ಬಂದು ನಾಲ್ಕು ಜನಕ್ಕೆ ಗೊತ್ತಾದರೆ, ಆ ಮನುಷ್ಯನ ಪಾಲಿನ ಸಾರು ಬೇರೆ ಬಟ್ಟಲಿಗೆ ಹೋಗುತ್ತದೆ. ಯಾರೂ ಬಾಯಿಬಿಟ್ಟು ಏನೂ ಹೇಳಲ್ಲ. ಅವನ ಲೋಟ ಮಾತ್ರ ಯಾರ ಕೈಗೂ ಹೋಗಲ್ಲ. ಹಂಚಿ ತಿನ್ನದ ಊರಲ್ಲಿ ಇದು ಅಷ್ಟು ಕಾಣಿಸುತ್ತಲೂ ಇರಲಿಲ್ಲ. ಕೊರಿಯನ್ನರಲ್ಲಿ ಅದು ಊರಿಗೆಲ್ಲಾ ಡಂಗುರ ಸಾರಿದ ಹಾಗೆ.

ಮದುವೆ ವಿಷಯ ಬಂದರೆ ಇನ್ನೂ ಬಿಗಿ. ಹುಡುಗಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾದರೆ ಸಂಬಂಧ ಮುರಿದುಬೀಳುವ ಭಯ. ಮದುವೆ ಆದ ಮೇಲೆ ಅತ್ತೆಗೆ ಗೊತ್ತಾಗುವ ಭಯ. ಮಗುವಿಗೆ ಬಂದರೆ ಬೆರಳು ತೋರಿಸೋದು ತಾಯಿ ಕಡೆಗೇ. ಆ ತಾಯಿಗೆ ಅವಳ ತಾಯಿಯಿಂದ ಬಂದಿರುತ್ತದೆ, ಹೀಗೆ ಹಿಂದಕ್ಕೆ ಹೋಗುತ್ತಲೇ ಇರುತ್ತದೆ. ಕುಟುಂಬದಲ್ಲಿ ಒಬ್ಬರಿಗೆ ಇದ್ದರೆ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರೂ ಪರೀಕ್ಷೆ ಮಾಡಿಸಬೇಕು ಅನ್ನುತ್ತಾರೆ ಡಾಕ್ಟರು. ಸರಿಯಾದ ಮಾತೇ. ಆದರೆ ಅದಕ್ಕೆ ಮೊದಲು ಆ ಒಬ್ಬರು ಬಾಯಿ ಬಿಡಬೇಕಲ್ಲ! ತನ್ನಿಂದ ಮಕ್ಕಳ ಮದುವೆಗೆ ಅಡ್ಡಿ ಆಗಬಾರದು ಅಂತ ಸುಮ್ಮನಿರುವ ತಾಯಿ, ಅದೇ ಮಕ್ಕಳ ಜೀವಕ್ಕೆ ಬೇಕಾದ ಮಾಹಿತಿಯನ್ನೂ ಮುಚ್ಚಿಟ್ಟಿರುತ್ತಾಳೆ. ಪ್ರೀತಿಯಿಂದಲೇ ಮಾಡುವ ಕೆಲಸ ಇದು, ಬೈದರೆ ಬದಲಾಗಲ್ಲ.

ಇನ್ನು 'ನಂಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಿ' ಅನ್ನುವವರು. ಈ ವೈರಸ್ ಇಪ್ಪತ್ತು ಮೂವತ್ತು ವರ್ಷ ಸದ್ದೇ ಮಾಡದೆ ಇರುತ್ತದೆ. ಕಾಮಾಲೆ ಆಗಲ್ಲ, ನೋವು ಬರಲ್ಲ. ಲಿವರ್ ಹಾಳಾಗೋದು ಕುಡಿತದಿಂದ, ದುಡಿದು ಸುಸ್ತಾಗೋದ್ರಿಂದ, ಮನಸ್ಸಿಗೆ ಹಚ್ಚಿಕೊಳ್ಳೋದ್ರಿಂದ ಅನ್ನೋದು ಕೊರಿಯನ್ನರಲ್ಲಿ ಬಹಳ ಗಟ್ಟಿಯಾದ ನಂಬಿಕೆ. ಹಾಗಾಗಿ ಕುಡಿಯದ ಹೆಂಗಸರಿಗೆ ಇದು ತಮ್ಮ ಕಾಯಿಲೆ ಅಂತಲೇ ಅನ್ನಿಸಲ್ಲ. ಸುಸ್ತಾದವರು ರಕ್ತ ಪರೀಕ್ಷೆಗೆ ಹೋಗಲ್ಲ, ಹನ್ಯಾಕ್ ಅನ್ನುವ ಕಷಾಯಕ್ಕೆ, ಕೆಂಪು ಜಿನ್ಸೆಂಗ್‌ಗೆ, ಸಿಹಿನೀರಿನ ಚಿಪ್ಪಿನ ಸಾರಿಗೆ ಹೋಗುತ್ತಾರೆ. ಸಾರು ಕುಡಿದರೆ ನಷ್ಟ ಏನಿಲ್ಲ. ಕೆಲವು ಕಷಾಯಗಳು ಮಾತ್ರ ಮೊದಲೇ ಪೆಟ್ಟು ತಿಂದ ಲಿವರ್‌ಗೆ ಇನ್ನಷ್ಟು ಪೆಟ್ಟು ಕೊಡಬಹುದು. ನಾವು ನಗಬೇಕಾಗಿಲ್ಲ, ನಮ್ಮಲ್ಲಿ ನೆಲನೆಲ್ಲಿ ಇದೆಯಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು, ಈ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬರೂಚ್ ಬ್ಲುಂಬರ್ಗ್ ಅವರನ್ನೂ ಜೊತೆಗಿಟ್ಟುಕೊಂಡು, ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಹೋಗುತ್ತದೆ ಅನ್ನುವಂಥ ಫಲಿತಾಂಶ ಪ್ರಕಟಿಸಿದ್ದರು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ.

'ನಾನು ಕೊರಿಯಾದಲ್ಲೇ ಲಸಿಕೆ ಹಾಕಿಸಿಕೊಂಡಿದ್ದೀನಿ' ಅನ್ನುವವರದು ಇನ್ನೊಂದು ಗುಂಪು, ನನ್ನ ಪ್ರಕಾರ ಇವರ ಬಗ್ಗೆಯೇ ಜಾಸ್ತಿ ಚಿಂತೆ ಮಾಡಬೇಕು. ಲಸಿಕೆಗೆ ಮೊದಲೇ ವೈರಸ್ ಒಳಗಿದ್ದರೆ ಲಸಿಕೆ ಏನೂ ಮಾಡಲ್ಲ, ಒಳ್ಳೇದೂ ಇಲ್ಲ ಕೆಟ್ಟದ್ದೂ ಇಲ್ಲ. ಹುಟ್ಟುವಾಗಲೇ ಸೋಂಕು ತಗಲಿ, ಹತ್ತನೇ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡವರು, ತಾವು ಸುರಕ್ಷಿತ ಅಂತ ಐವತ್ತು ವರ್ಷದವರೆಗೂ ಆರಾಮಾಗಿ ಇದ್ದುಬಿಡಬಹುದು. ಅಮೆರಿಕದ ಗ್ರೀನ್ ಕಾರ್ಡ್ ವ್ಯವಸ್ಥೆಯೂ ಇದಕ್ಕೆ ಸಹಾಯ ಮಾಡಿಲ್ಲ. ಅರ್ಜಿದಾರರ ವೈದ್ಯಕೀಯ ತಪಾಸಣೆಯಲ್ಲಿ ಕ್ಷಯ, ಸಿಫಿಲಿಸ್ ನೋಡುತ್ತಾರೆ, ಲಸಿಕೆ ಪಟ್ಟಿ ಕೇಳುತ್ತಾರೆ, ಆದರೆ ಹೆಪಟೈಟಿಸ್ ಬಿ ಇದೆಯಾ ಅಂತ ರಕ್ತ ನೋಡೋದು ಕಡ್ಡಾಯ ಅಲ್ಲ. ಇದೆ ಅಂತ ಗ್ರೀನ್ ಕಾರ್ಡ್ ನಿರಾಕರಿಸುವುದೂ ಇಲ್ಲ. ಅದು ಗೊತ್ತಿಲ್ಲದವರು ವೀಸಾ ಭಯಕ್ಕೂ ಪರೀಕ್ಷೆ ತಪ್ಪಿಸುತ್ತಾರೆ.

ದುಡ್ಡು ಮತ್ತು ಸಮಯದ ಮಾತು ಬಿಟ್ಟು ಬರೀ ಸಂಸ್ಕೃತಿ ಅಂತ ಕೂತರೆ ಅನ್ಯಾಯವಾಗುತ್ತದೆ. ಕೊರಿಯನ್ ವಲಸಿಗರಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ, ದಿನಸಿ ಅಂಗಡಿ, ನೇಲ್ ಸಲೂನ್ ಇಟ್ಟುಕೊಂಡವರು ಬಹಳ. ಬಂಡವಾಳ ಹೊಂದಿಸಿದ್ದು ಎಷ್ಟೋ ಸಲ 'ಕ್ಯೆ'ಯಿಂದ, ನಮ್ಮ ಚೀಟಿ ವ್ಯವಹಾರದ ಥರದ್ದೇ ಅದು. ಸ್ವಂತ ಅಂಗಡಿ ಅಂದರೆ ಕಂಪನಿ ಕೊಡುವ ಆರೋಗ್ಯ ವಿಮೆ ಇಲ್ಲ. ಒಬಾಮ ಕಾಲದ ಆರೋಗ್ಯ ಕಾನೂನು ಬರುವ ಮೊದಲು, ಅರವತ್ತೈದರೊಳಗಿನ ಕೊರಿಯನ್ ಅಮೆರಿಕನ್ನರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವಿಮೆಯೇ ಇರಲಿಲ್ಲ, ಏಷ್ಯನ್ ಗುಂಪುಗಳಲ್ಲಿ ಅದೇ ಅತಿ ಜಾಸ್ತಿ. ವಾರಕ್ಕೆ ಆರು ದಿನ, ಬೆಳಗ್ಗಿಂದ ರಾತ್ರಿವರೆಗೆ ಗಂಡ ಹೆಂಡತಿ ಇಬ್ಬರೂ ಗಲ್ಲಾ ಮುಂದೆ. ಬಿಡುವು ಸಿಗೋದು ಭಾನುವಾರ. ಅವತ್ತು ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ಕೈಯಲ್ಲಿ ಕಾಸಿದ್ದವರು ಊರಿಗೆ ಹೋದಾಗ ಸಿಯೋಲ್‌ನಲ್ಲೇ ಪೂರ್ತಿ ತಪಾಸಣೆ ಮಾಡಿಸಿಕೊಂಡು ಬರುತ್ತಾರೆ, ವಿಮಾನದ ಟಿಕೆಟ್ ಸೇರಿಸಿದರೂ ಅಗ್ಗ ಅನ್ನುವ ಲೆಕ್ಕ. ರಿಪೋರ್ಟ್ ಕೊರಿಯನ್ ಭಾಷೆಯಲ್ಲಿರುತ್ತದೆ, ಅಮೆರಿಕದ ಡಾಕ್ಟರ ಕಡತಕ್ಕೆ ಅದು ಸೇರುವುದೇ ಇಲ್ಲ. ಹೊರಗಿನಿಂದ ಬಂದವರು ಕುಟುಂಬದವರ ಹೆಸರಲ್ಲಿ ಕೊರಿಯಾದ ರಾಷ್ಟ್ರೀಯ ವಿಮೆ ಪಡೆಯೋದನ್ನು 2024ರ ಏಪ್ರಿಲ್‌ನಿಂದ ಬಿಗಿ ಮಾಡಿದ್ದಾರೆ, ಈಗ ಸಾಮಾನ್ಯವಾಗಿ ಆರು ತಿಂಗಳು ಅಲ್ಲಿ ಇದ್ದ ಮೇಲಷ್ಟೇ.

ಡಾಕ್ಟರು ಹೇಳಿದರೆ ಮಾತ್ರ ಜನ ಕೇಳುತ್ತಾರೆ ಅನ್ನೋದು ಈ ವಿಷಯದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ತೊಂದರೆ ಏನಂದರೆ, ಇವರು ಹೋಗುವ ಕೊರಿಯನ್ ಡಾಕ್ಟರ ಕ್ಲಿನಿಕ್ಕಿನಲ್ಲಿ ಯಾವಾಗಲೂ ರಶ್ಶು, ಡಾಕ್ಟರು ತಾವಾಗೇ ಕೇಳಲ್ಲ. ರೋಗಿ ದೊಡ್ಡವರಿಗೆ ಎದುರು ಪ್ರಶ್ನೆ ಹಾಕಲ್ಲ, 'ಡಾಕ್ಟರು ಏನೂ ಹೇಳಲಿಲ್ಲ ಅಂದಮೇಲೆ ಎಲ್ಲಾ ಸರಿ ಇದೆ' ಅಂದುಕೊಂಡು ಎದ್ದು ಬರುತ್ತಾರೆ.

ಅದಕ್ಕೇ ಸಂಶೋಧಕರು ಚರ್ಚಿನ ಬಾಗಿಲು ತಟ್ಟಿದ್ದು. ಅಮೆರಿಕದ ಕೊರಿಯನ್ನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕ್ರೈಸ್ತರು, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವ ಪದ್ಧತಿ ಇದೆ. ಕೆಲಸ ಹುಡುಕೋದು, ಬಾಡಿಗೆ ಮನೆ ವಿಚಾರಿಸೋದು, ಹೆಣ್ಣು ಗಂಡು ನೋಡೋದು ಎಲ್ಲ ಅಲ್ಲೇ. ಲಾಸ್ ಏಂಜಲಿಸ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ತಂಡ 52 ಕೊರಿಯನ್ ಚರ್ಚುಗಳಲ್ಲಿ, ಸಾವಿರದ ನೂರಕ್ಕೂ ಹೆಚ್ಚು ಜನರ ಜೊತೆ ಒಂದು ಪ್ರಯೋಗ ಮಾಡಿತು. ಅರ್ಧ ಚರ್ಚುಗಳಲ್ಲಿ ಚಿಕ್ಕ ಗುಂಪುಗಳಲ್ಲಿ ಕೂತು ಹೆಪಟೈಟಿಸ್ ಬಿ ಬಗ್ಗೆ ಮಾತುಕತೆ, ಉಳಿದ ಕಡೆ ಬೇರೆ ಆರೋಗ್ಯ ವಿಷಯ. ಆರು ತಿಂಗಳಾದ ಮೇಲೆ ಕೇಳಿದರೆ, ಮೊದಲ ಗುಂಪಿನಲ್ಲಿ ಶೇ 19 ಜನ ಪರೀಕ್ಷೆ ಮಾಡಿಸಿದ್ದರು, ಇನ್ನೊಂದರಲ್ಲಿ ಶೇ 6.

ಇದನ್ನು ಗೆಲುವು ಅಂತ ಬರೆಯುವವರಿದ್ದಾರೆ. ಮೂರು ಪಟ್ಟು, ಸರಿ. ಆದರೆ ನಾನು ನೋಡೋದು ಉಳಿದ ಶೇ 81ನ್ನು. ಅವರದೇ ಭಾಷೆಯಲ್ಲಿ, ಅವರದೇ ಚರ್ಚಿನಲ್ಲಿ, ಅವರದೇ ಜನ ಕೂತು ಬಿಡಿಸಿ ಹೇಳಿದ ಮೇಲೂ ಐವರಲ್ಲಿ ನಾಲ್ವರು ಹೋಗಲಿಲ್ಲ. ಅರಿವಿನ ಕೊರತೆ ಅನ್ನೋ ವಾದ ಇಲ್ಲಿಗೇ ಕುಂಟುತ್ತದೆ. ಫಿಲಡೆಲ್ಫಿಯಾ ಕಡೆ ಟೆಂಪಲ್ ವಿಶ್ವವಿದ್ಯಾಲಯದವರು ಕೊರಿಯನ್ ಚರ್ಚುಗಳ ಜೊತೆ ಕೆಲಸ ಮಾಡುವಾಗ ಮಾತಿನ ಜೊತೆಗೆ ಪರೀಕ್ಷೆ ಮಾಡಿಸುವ, ಲಸಿಕೆ ಹಾಕಿಸುವ ವ್ಯವಸ್ಥೆಯನ್ನೂ ಸೇರಿಸಿದರು, ಫಾರಂ ತುಂಬಿಸೋದರಿಂದ ಹಿಡಿದು ಜೊತೆಗಿದ್ದು ಸಹಾಯ ಮಾಡಿದರು. ಅಲ್ಲಿ ಬಹುಪಾಲು ಜನ ಪರೀಕ್ಷೆ ಮಾಡಿಸಿಕೊಂಡರು. ಪಾದ್ರಿ ತಾನೇ ಮೊದಲು ತೋಳು ಚಾಚಿದರೆ, ಪಕ್ಕದ ಮನೆಯವರೂ ಸಾಲಲ್ಲಿ ನಿಂತಿದ್ದರೆ, 'ಇವಳಿಗೇನೋ ಇದೆ, ಅದಕ್ಕೇ ಪರೀಕ್ಷೆಗೆ ಬಂದಿದ್ದಾಳೆ' ಅನ್ನೋ ಮಾತಿಗೆ ಜಾಗವೇ ಇರಲ್ಲ. ಆದರೆ ಫಲಿತಾಂಶವನ್ನು ಅದೇ ಊಟದ ಹಾಲಿನಲ್ಲಿ ಕೊಡಬಾರದು. ಚರ್ಚು ಸುದ್ದಿ ಹರಡೋದರಲ್ಲಿ ಎಷ್ಟು ಚುರುಕೋ ಗುಟ್ಟು ಹರಡೋದರಲ್ಲೂ ಅಷ್ಟೇ.

ಪರೀಕ್ಷೆ ಆದಮೇಲಿನ ದಾರಿ ಉದ್ದ ಇದೆ, ಅದರ ಬಗ್ಗೆ ಮಾತಾಡುವವರು ಕಮ್ಮಿ. ಪಾಸಿಟಿವ್ ಬಂದವರು ಜೀವನಪೂರ್ತಿ ಆರಾರು ತಿಂಗಳಿಗೆ ಹೋಗುತ್ತಿರಬೇಕು. ಎಲ್ಲರಿಗೂ ಮಾತ್ರೆ ಬೇಕಾಗಲ್ಲ, ಹಾಗಾಗಿ 'ಔಷಧ ಕೊಡಲಿಲ್ಲ, ಅಂದರೆ ಏನಿಲ್ಲ' ಅಂತ ಬಿಟ್ಟುಬಿಡುವವರು ಎಷ್ಟೋ ಜನ. ಕೊರಿಯನ್ನರಲ್ಲಿ ಇರುವ ವೈರಸ್ಸಿನ ತಳಿ ಬಹುತೇಕ 'ಸಿ' ಬಗೆಯದು, ಲಿವರ್ ಕ್ಯಾನ್ಸರ್ ತರುವುದರಲ್ಲಿ ಅದು ಇನ್ನೂ ಕೆಟ್ಟದ್ದು. ಬಿಡುವ ಹಾಗಿಲ್ಲ. ಕೆಲಸದ ಭಯಕ್ಕಂತೂ ಅಮೆರಿಕದಲ್ಲಿ ಕಾನೂನಿನ ಉತ್ತರ ಇದೆ. ನ್ಯೂಜೆರ್ಸಿಯ ಮೆಡಿಕಲ್ ಶಿಕ್ಷಣ ಸಂಸ್ಥೆಯೊಂದು ಹೆಪಟೈಟಿಸ್ ಬಿ ಇದೆ ಅನ್ನೋ ಕಾರಣಕ್ಕೆ ಇಬ್ಬರಿಗೆ ಪ್ರವೇಶ ತಡೆದಿತ್ತು, 2013ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಅದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಅಂತ ಹೇಳಿ ಸಂಸ್ಥೆಯನ್ನು ರಾಜಿಗೆ ಒಪ್ಪಿಸಿತು. ಈ ಸುದ್ದಿ ಕೊರಿಯಾಟೌನ್‌ನ ಎಷ್ಟು ಹಿರಿಯರ ಕಿವಿಗೆ ಬಿದ್ದಿದೆಯೋ!

2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಒಳ್ಳೆ ಕೆಲಸ ಮಾಡಿತು. ಮೊದಲು, ಕಾಯಿಲೆ ಜಾಸ್ತಿ ಇರುವ ದೇಶಗಳಲ್ಲಿ ಹುಟ್ಟಿದವರು, ಇಂಥಿಂಥ ಅಪಾಯ ಇರುವವರು ಪರೀಕ್ಷೆ ಮಾಡಿಸಿ ಅಂತಿತ್ತು. ಅದನ್ನು ಬದಲಿಸಿ, 18 ದಾಟಿದ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಮೂರು ಬಗೆಯ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಹೇಳಿತು. 'ನೀನು ಕೊರಿಯನ್, ಅದಕ್ಕೆ ಪರೀಕ್ಷೆ' ಅನ್ನೋದಕ್ಕೂ 'ಎಲ್ಲರಿಗೂ ಮಾಡ್ತೀವಿ, ನಿನಗೂ ಮಾಡ್ತೀವಿ' ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಅಂದಹಾಗೆ ಹಳೆಯ ಪಟ್ಟಿಯಲ್ಲಿ ಭಾರತದಲ್ಲಿ ಹುಟ್ಟಿದವರೂ ಇದ್ದರು. ಭಾರತದ ಎಲ್ಲ ರಾಜ್ಯಗಳ ಮಕ್ಕಳಿಗೆ ಈ ಲಸಿಕೆ ಮುಟ್ಟಿದ್ದು 2011ರ ಹೊತ್ತಿಗೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಹೆಚ್ಚಿನವರು ಅದಕ್ಕೆ ಮೊದಲೇ ಹುಟ್ಟಿದವರು, ಹಾಗಾಗಿ ಈ ಪರೀಕ್ಷೆ ನಿಮಗೂ ಅನ್ವಯಿಸುತ್ತದೆ.

ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. 1991ರಿಂದ ಅಮೆರಿಕದಲ್ಲಿ ಎಲ್ಲ ಶಿಶುಗಳಿಗೂ ಹೆಪಟೈಟಿಸ್ ಬಿ ಲಸಿಕೆ ಶಿಫಾರಸು ಆಗಿತ್ತು. 2025ರ ಡಿಸೆಂಬರ್‌ನಲ್ಲಿ ಸಿಡಿಸಿಯ ಲಸಿಕಾ ಸಲಹಾ ಸಮಿತಿ, ತಾಯಿಯ ರಿಪೋರ್ಟ್ ನೆಗೆಟಿವ್ ಇದ್ದರೆ ಹುಟ್ಟಿದ ಕೂಡಲೇ ಕೊಡುವ ಡೋಸ್ ಕಡ್ಡಾಯದಂತೆ ಬೇಡ, ತಂದೆತಾಯಿ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಲಿ ಅಂತ 8–3 ಮತಗಳಿಂದ ಹೇಳಿತು. ಕೊಡದವರು ಎರಡು ತಿಂಗಳಾದರೂ ಕಾಯಲಿ ಅನ್ನೋದು ಸಲಹೆ. ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ, ತಾಯಿಗೆ ಇಲ್ಲ ಅಂದಮೇಲೆ ಮಗುವಿಗೆ ಎಲ್ಲಿಂದ ಬರುತ್ತೆ?

ಕೊರಿಯನ್ ಮನೆಯಲ್ಲಿ ಮಗುವನ್ನು ನೋಡಿಕೊಳ್ಳೋದು ತಾಯಿ ಒಬ್ಬಳೇ ಅಲ್ಲ. ಅಂಗಡಿ ನಡೆಸುವ, ಕೆಲಸಕ್ಕೆ ಹೋಗುವ ಸೊಸೆ, ಮಗಳು ಮಗುವನ್ನು ಬಿಟ್ಟು ಹೋಗೋದು ಹಲ್ಮೊನಿ ಹತ್ತಿರ, ಅಂದರೆ ಅಜ್ಜಿ ಹತ್ತಿರ. ಸೊಸೆಯ ರಕ್ತವನ್ನು ಗರ್ಭಿಣಿ ಇದ್ದಾಗಲೇ ಪರೀಕ್ಷೆ ಮಾಡಿರುತ್ತಾರೆ. ಅಜ್ಜಿಯದನ್ನು ಯಾರೂ ಮಾಡಿರಲ್ಲ. 1980ರ ದಶಕದಲ್ಲಿ ಊರು ಬಿಟ್ಟ ಪೀಳಿಗೆ ಅದೇ. ಈ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರುತ್ತದೆ, ಮನೆಯಲ್ಲಿ ಒಬ್ಬರಿಗೆ ಇದ್ದರೆ ಸಣ್ಣಪುಟ್ಟ ಗಾಯಗಳಿಂದ ಮಗುವಿಗೆ ತಗಲಿದ ಉದಾಹರಣೆಗಳಿವೆ. ಲಸಿಕೆ ಹಾಕಿದ್ದರೆ ಅಜ್ಜಿ ಏನೂ ಹೇಳದೆಯೂ ಮಗು ಬಚಾವಾಗುತ್ತಿತ್ತು. ಈಗ ಹೆರಿಗೆ ವಾರ್ಡಿನಲ್ಲಿ ಡಾಕ್ಟರು 'ಮನೆಯಲ್ಲಿ ಬೇರೆ ಯಾರಿಗಾದರೂ ಹೆಪಟೈಟಿಸ್ ಬಿ ಇದೆಯಾ?' ಅಂತ ಕೇಳಬೇಕು, ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆ ಉತ್ತರ ಹೇಳಬೇಕು.